ದ್ರೌಪದಿಯ ಮೊರೆ ಪುಣೆಯ ಮಹಾಭಾರತದಲ್ಲಿ ಯಾಕಿಲ್ಲ?

ಗದಗಿನವ

ಪುಣೆಯ ಭಂಡಾರ್ಕರ್ ಸಂಸ್ಥೆಯವರು ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಮಹಾಭಾರತದಲ್ಲಿ ಸಭಾಪರ್ವ ಓದುತ್ತಿದ್ದೆ. ದುಃಶಾಸನ ಸೀರೆಗೆ ಕೈ ಹಾಕುವ ಜಾಗಕ್ಕೆ ಬಂದೆ. ಒಂದು ಶ್ಲೋಕದಲ್ಲಿ ಎಳೆಯೋಕೆ ಶುರು ಮಾಡ್ತಾನೆ. ಮುಂದಿನ ಶ್ಲೋಕದಲ್ಲಿ ಅಂಥದ್ದೇ ಬಟ್ಟೆ ಮತ್ತೆ ಮತ್ತೆ ಬರುತ್ತದೆ. ಅಷ್ಟೇ! ದ್ರೌಪದಿ ಕೃಷ್ಣನನ್ನು ಕರೆಯುವುದಿಲ್ಲ. ಕೃಷ್ಣ ಬರುವುದೂ ಇಲ್ಲ. ಬಟ್ಟೆ ಯಾರು ಕೊಟ್ಟರು ಅಂತಲೂ ಹೇಳಿಲ್ಲ.

ನಮ್ಮೂರಲ್ಲಿ ಕುಮಾರವ್ಯಾಸ ಕೇಳಿಕೊಂಡೇ ದೊಡ್ಡವರಾದವರು ನಾವು. ಆ ಮೊರೆ ಬರುವಾಗ ಕಣ್ಣು ಒದ್ದೆಯಾಗದೆ ಇದ್ದವರನ್ನು ನಾನು ನೋಡಿಲ್ಲ. ಅದನ್ನು ಕಿತ್ತುಹಾಕುವ ಅಧಿಕಾರ ಇವರಿಗೆ ಯಾರು ಕೊಟ್ಟರು? ತಿಳಿದವರು ಹೇಳಿ. ಸುಮ್ನೆ ಜಗಳಕ್ಕೆ ಕೇಳ್ತಿಲ್ಲ.

ಗರಿಕಟ್ಟು

ಕಿತ್ತುಹಾಕಿಲ್ಲ ಸರ್, ಕೆಳಗಿಟ್ಟಿದ್ದಾರೆ. ಅದೇ ಪುಟದ ಅಡಿಟಿಪ್ಪಣಿ ನೋಡಿ. ನಕ್ಷತ್ರದ ಗುರುತು ಹಾಕಿದ ಸಾಲುಗಳಿರುತ್ತವೆ. ಯಾವ ಪ್ರತಿಯಲ್ಲಿದೆ, ಯಾವುದರಲ್ಲಿಲ್ಲ ಎಂಬುದು ಪಕ್ಕದಲ್ಲೇ ಇರುತ್ತದೆ. ಉದ್ದದ ಭಾಗಗಳಾದರೆ ಪರ್ವದ ಕೊನೆಯ ಅನುಬಂಧಕ್ಕೆ ಹೋಗುತ್ತವೆ. ವ್ಯಾಸರು ಹೇಳುತ್ತಾ ಹೋದರು, ಗಣಪತಿ ಬರೆಯುತ್ತಾ ಹೋದ ಎಂಬ ಕಥೆಯೂ ಹಾಗೇ ಆದಿಪರ್ವದ ಅನುಬಂಧ ಸೇರಿದೆ. ಬರಿಯ ಮೂಲಪಾಠ ಅಥವಾ ಅದರ ಅನುವಾದ ಓದಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಅರ್ಧ ಜಗಳ ಹುಟ್ಟುವುದು ಅಲ್ಲಿಂದಲೇ.

ಕೆಲಸ ಹೇಗೆ ನಡೆಯಿತು ಅನ್ನುವುದನ್ನು ಸ್ವಲ್ಪ ಹೇಳ್ತೀನಿ. 1919ರಲ್ಲಿ ಶುರುವಾಗಿ 1966ರಲ್ಲಿ ಮುಗಿಯಿತು. ವಿ. ಎಸ್. ಸುಖಠಣಕರ್ 1925ರಿಂದ ಪ್ರಧಾನ ಸಂಪಾದಕರು. 1943ರಲ್ಲಿ ಅವರು ತೀರಿಕೊಂಡ ಮೇಲೆ ಬೆಲ್ವಲ್ಕರ್, ಆಮೇಲೆ ಪಿ. ಎಲ್. ವೈದ್ಯ ಮುಂದುವರಿಸಿದರು. ಒಟ್ಟು 1,259 ಹಸ್ತಪ್ರತಿ ನೋಡಿದ್ದಾರೆ. ಶಾರದಾ, ನೇವಾರಿ, ಮೈಥಿಲಿ, ಬಂಗಾಳಿ, ದೇವನಾಗರಿ, ತೆಲುಗು, ಗ್ರಂಥ, ಮಲಯಾಳಂ ಹೀಗೆ ನಾನಾ ಲಿಪಿಗಳವು. ಎಲ್ಲವನ್ನೂ ಪುಣೆಯಲ್ಲೇ ಕೂತು ನೋಡೋಕೆ ಆಗಲಿಲ್ಲ. ಹಾಗಾಗಿ ಶಾಂತಿನಿಕೇತನದಲ್ಲೂ ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲೂ ಹೋಲಿಸುವ ಕೆಲಸ ನಡೆಯಿತು.

ಹೋಲಿಸುವುದು ಅಂದರೆ ಹೀಗೆ. ಚೌಕಳಿ ಹಾಕಿದ ದೊಡ್ಡ ಹಾಳೆ. ಮೇಲಿನ ಸಾಲಿನಲ್ಲಿ ರೂಢಿಯ ಅಚ್ಚಿನ ಪಾಠ, ಒಂದೊಂದು ಮನೆಗೆ ಒಂದೊಂದು ಅಕ್ಷರ. ಕೆಳಗೆ ಒಂದೊಂದು ಹಸ್ತಪ್ರತಿಗೆ ಒಂದೊಂದು ಸಾಲು. ಬೇರೆ ಅಕ್ಷರ ಇದ್ದರೆ ಮಾತ್ರ ಆ ಮನೆ ತುಂಬಬೇಕು. ಒಂದು ಶ್ಲೋಕಕ್ಕೆ 32 ಅಕ್ಷರ. ಆದಿಪರ್ವ ಒಂದಕ್ಕೇ ಸುಮಾರು 60 ಪ್ರತಿ ಹೋಲಿಸಿದ್ದಾರೆ. ಕಂಪ್ಯೂಟರ್ ಇಲ್ಲದ ಕಾಲ ಅದು, ಯೋಚನೆ ಮಾಡಿ!

ಕೊಂಕು ಮಾತು

ಅಂದರೆ ಓಟು ಹಾಕಿ ತೀರ್ಮಾನ ಮಾಡಿದ್ರು ಅನ್ನಿ. ಆದರೆ ಮೊರೆ ಇರುವ ಪ್ರತಿಗಳೇ ಜಾಸ್ತಿ ಅಂತ ಕೇಳಿದ್ದೇನೆ. ಹಾಗಿದ್ದರೂ ಸೋತಿದ್ದು ಹೇಗೆ? ಬೇಕಾದ ಹಾಗೆ ಎಣಿಸಿದ್ರಾ?

ಗರಿಕಟ್ಟು

ಓಟು ಅಲ್ಲವೇ ಅಲ್ಲ. ಒಂದು ಪ್ರತಿ ನೋಡಿ ಐವತ್ತು ಜನ ನಕಲು ಮಾಡಿದ್ದಾರೆ ಅಂದುಕೊಳ್ಳಿ. ಆ ಐವತ್ತೂ ಸೇರಿ ಒಂದೇ ಸಾಕ್ಷಿ. ಅದಕ್ಕೇ ಪ್ರತಿಗಳನ್ನು ಎಣಿಸುವುದಿಲ್ಲ, ಕುಟುಂಬ ಕುಟುಂಬವಾಗಿ ವಿಂಗಡಿಸುತ್ತಾರೆ. ಉತ್ತರದ್ದು ಒಂದು ಪರಂಪರೆ, ದಕ್ಷಿಣದ್ದು ಇನ್ನೊಂದು. ಅದರೊಳಗೆ ಲಿಪಿಗೊಂದು ಗುಂಪು. ಕಾಶ್ಮೀರದ ಶಾರದಾ ಲಿಪಿಯ ಪ್ರತಿ ಮತ್ತು ಕೇರಳದ ಮಲಯಾಳಂ ಲಿಪಿಯ ಪ್ರತಿ ಒಂದನ್ನೊಂದು ನೋಡಿ ಬರೆದಿರುವ ಸಾಧ್ಯತೆ ಬಹಳ ಕಡಿಮೆ. ಅವೆರಡೂ ಒಂದೇ ಮಾತು ಹೇಳಿದರೆ ಆ ಪಾಠಕ್ಕೆ ತೂಕ ಜಾಸ್ತಿ. ಒಂದು ಗುಂಪಿನಲ್ಲಿ ಮಾತ್ರ ಇದ್ದು ಉಳಿದ ಕಡೆ ಇಲ್ಲದಿದ್ದರೆ ಅನುಮಾನ.

ಮೊರೆಯ ವಿಷಯಕ್ಕೆ ಬನ್ನಿ. ಉತ್ತರದವರು ಓದುವ ಪುಸ್ತಕದಲ್ಲಿ ಅದು "ಗೋವಿಂದ ದ್ವಾರಕಾವಾಸಿನ್" ಎಂದು ಶುರುವಾಗುತ್ತದೆ. ನಮ್ಮ ದಕ್ಷಿಣದ ಪಾಠದಲ್ಲಿ "ಶಂಖಚಕ್ರಗದಾಪಾಣೇ ದ್ವಾರಕಾನಿಲಯಾಚ್ಯುತ". ಮನೆಯಲ್ಲಿ ಹಿರಿಯರು ಹೇಳುವುದು ಇದನ್ನೇ ಅಲ್ವಾ? ಸಂದರ್ಭ ಒಂದೇ, ಸಾಲು ಬೇರೆ. ಮೊದಲಿಂದ ಒಂದೇ ಮೊರೆ ಇದ್ದಿದ್ದರೆ ಇಷ್ಟು ಬೇರೆಯಾಗಿ ಯಾಕೆ ಒಡೆಯಿತು? ಇಲ್ಲಿ ಒಂದು ಮೊರೆ ಇರಬೇಕಿತ್ತು ಅಂತ ಅವರವರಿಗೆ ಅನ್ನಿಸಿ ಅವರವರೇ ಸೇರಿಸಿಕೊಂಡರು ಅನ್ನುವುದು ಸರಳ ಉತ್ತರ. ಸಭಾಪರ್ವದ ಸಂಪಾದಕರು ಅಮೆರಿಕದ ಫ್ರಾಂಕ್ಲಿನ್ ಎಡ್ಜರ್‌ಟನ್. ಅವರು ತೆಗೆದುಕೊಂಡದ್ದು ಇದೇ ದಾರಿ.

ಹಾಗಂತ ಕೈಗೆ ಸಿಕ್ಕಿದ್ದನ್ನೆಲ್ಲ ನಿಶ್ಚಯ ಅಂತ ಹೇಳಿಲ್ಲ. ಯಾವ ಪದದ ಬಗ್ಗೆ ಅನುಮಾನ ಇದೆಯೋ ಅದರ ಕೆಳಗೆ ಅಲೆಅಲೆ ಗೆರೆ ಎಳೆದಿದ್ದಾರೆ. ಪುಟ ತಿರುವಿ ನೋಡಿ, ಆ ಗೆರೆ ಸಿಗುತ್ತದೆ.

ಕಡಲತಡಿ

ಉಡುಪಿ ಕಡೆಯವನಾಗಿ ಒಂದು ಮಾತು ಸೇರಿಸ್ತೇನೆ. ಇಂಗ್ಲಿಷ್ ಓದಿದವರು ಬಂದು ನಮ್ಮ ಪುರಾಣಕ್ಕೆ ಕತ್ತರಿ ಹಾಕಿದರು ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. 13ನೇ ಶತಮಾನದಲ್ಲಿ ಮಧ್ವಾಚಾರ್ಯರೇ ಈ ದೂರು ಕೊಟ್ಟಿದ್ದಾರೆ. ಮಹಾಭಾರತ ತಾತ್ಪರ್ಯ ನಿರ್ಣಯದ ಎರಡನೆಯ ಅಧ್ಯಾಯದ ಶುರುವಿನಲ್ಲೇ ಇದೆ: "ಕ್ವಚಿದ್ ಗ್ರಂಥಾನ್ ಪ್ರಕ್ಷಿಪಂತಿ ಕ್ವಚಿದಂತರಿತಾನಪಿ". ಕೆಲವರು ಸೇರಿಸ್ತಾರೆ, ಕೆಲವು ಕಡೆ ಬಿಟ್ಟುಬಿಡ್ತಾರೆ. ಮುಂದಿನ ಸಾಲಿನಲ್ಲಿ ಹಿಂದುಮುಂದು ಮಾಡ್ತಾರೆ, ಅದೂ ಕೆಲವೊಮ್ಮೆ ಅಜಾಗ್ರತೆಯಿಂದ, ಕೆಲವೊಮ್ಮೆ ಬೇಕಂತಲೇ ಅಂತಾರೆ. ಉಳಿದಿರುವ ಗ್ರಂಥಗಳೂ ಕಲಸಿಹೋಗಿವೆ ಅನ್ನುವುದು ಅವರ ಗೋಳು.

ಆ ಗ್ರಂಥದ ಓಲೆಪ್ರತಿಯೇ ಒಂದು ದೊಡ್ಡ ಕಥೆ. ಆಚಾರ್ಯರ ನೇರ ಶಿಷ್ಯರು ಹೃಷೀಕೇಶ ತೀರ್ಥರು. ಅವರು ಬರೆದದ್ದು ಅಂತ ನಂಬುವ ಸರ್ವಮೂಲದ, ಅಂದರೆ ಆಚಾರ್ಯರ ಎಲ್ಲ ಗ್ರಂಥಗಳ ಸಂಗ್ರಹದ, ತುಳು ಲಿಪಿಯ ಓಲೆಗಳು ಪಲಿಮಾರು ಮಠದಲ್ಲಿವೆ. ಬರಿಗಣ್ಣಿಗೆ ಓದೋಕೆ ಕಷ್ಟವಾಗುವಷ್ಟು ಕಪ್ಪಾಗಿದ್ದವು. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ತಂಡ ಬಂದು ಇನ್‌ಫ್ರಾರೆಡ್ ಬೆಳಕಿನಲ್ಲಿ ಫೋಟೋ ತೆಗೆಯಿತು. ಕಪ್ಪಾದ ಗರಿಯ ಮೇಲೂ ಅಕ್ಷರ ಎದ್ದು ಕಂಡವು.

ಕೊಂಕು ಮಾತು

ಇದು ಗೊತ್ತಿರಲಿಲ್ಲ. ಆದರೂ ಆಚಾರ್ಯರು ನಿರ್ಣಯ ಕೊಟ್ಟದ್ದು ಶ್ರದ್ಧೆಯಿಂದ. ಚೌಕಳಿ ಹಾಳೆ ಇಟ್ಕೊಂಡು ಅಲ್ಲ.

ಕಡಲತಡಿ

ಒಪ್ತೇನೆ. ಇಬ್ಬರ ಗುರಿ ಬೇರೆ. ರೋಗ ಒಂದೇ ಅಂತ ಹೇಳಿದೆ ಅಷ್ಟೇ.

ಗೆಜ್ಜೆ ಸದ್ದು

ನಾನು ಯಕ್ಷಗಾನದವಳು. ನಮಗೆ ಪ್ರಸಂಗದಲ್ಲಿ ಏನಿದೆಯೋ ಅದೇ ವೇದ. ಆದರೂ ಒಂದು ಕುತೂಹಲ. ಕೌರವ ನೀರಿಗೆ ಬಿದ್ದಾಗ ದ್ರೌಪದಿ "ಕುರುಡನ ಮಗ ಕುರುಡ" ಅಂತ ನಕ್ಕಳು ಅಂತಾರಲ್ಲ, ಅದು ಪುಣೆಯವರ ಪಾಠದಲ್ಲಿ ಇದೆಯಾ? ಇಡೀ ಯುದ್ಧಕ್ಕೆ ಅವಳ ನಗುವೇ ಕಾರಣ ಅಂತ ಪಾತ್ರದ ಮಾತು ಆಡುವ ಎಷ್ಟೋ ಅರ್ಥಧಾರಿಗಳು ಹೇಳ್ತಾರೆ. ನನಗೆ ಅದು ಕೇಳಿದಾಗೆಲ್ಲ ಸಿಟ್ಟು ಬರುತ್ತದೆ.

ಗರಿಕಟ್ಟು

"ಕುರುಡನ ಮಗ ಕುರುಡ" ಇಲ್ಲ ಮೇಡಂ. ಅದಕ್ಕಿಂತ ಸ್ವಾರಸ್ಯ ಇನ್ನೊಂದಿದೆ. ಘಟನೆ ನಡೆಯುವ ಜಾಗದಲ್ಲಿ ನಗುವವರು ಭೀಮ, ಅರ್ಜುನ, ನಕುಲ ಸಹದೇವರು. ದ್ರೌಪದಿಯ ಹೆಸರೇ ಇಲ್ಲ. ಆಮೇಲೆ ದುರ್ಯೋಧನ ಮನೆಗೆ ಹೋಗಿ ಅಪ್ಪನ ಹತ್ತಿರ ದೂರು ಹೇಳುವಾಗ ಮಾತ್ರ "ದ್ರೌಪದಿಯೂ ಹೆಂಗಸರ ಜೊತೆ ನಕ್ಕಳು" ಅಂತಾನೆ. ಅವನು ಸೇರಿಸಿದ್ದೋ, ನಿಜವಾಗಿ ನಡೆದದ್ದೋ, ಕವಿ ಹೇಳುವುದಿಲ್ಲ. ಅರ್ಥಧಾರಿಗಳಿಗೆ ಇದು ಒಳ್ಳೆಯ ಸರಕು.

ಗೆಜ್ಜೆ ಸದ್ದು

ಅಯ್ಯೋ, ಇದನ್ನು ಮುಂದಿನ ಆಟದಲ್ಲಿ ಹಾಕಿಯೇ ಹಾಕ್ತೇನೆ! ಎದುರಿಗೆ ಕೌರವ ಮಾಡುವವರಿಗೆ ಮೊದಲೇ ಹೇಳುವುದಿಲ್ಲ.

ನಿವೃತ್ತ ಮೇಷ್ಟ್ರು

ಎಲ್ಲ ಓದಿದೆ. ಗರಿಕಟ್ಟು ಅವರ ವಿವರಣೆ ಚೆನ್ನಾಗಿದೆ. ಆದರೆ ಎಡ್ಜರ್‌ಟನ್ ಅವರ ತೀರ್ಮಾನಕ್ಕೆ ನನ್ನದೊಂದು ತಕರಾರಿದೆ. ಅದೇ ಪುಣೆ ಪಾಠದ ಉದ್ಯೋಗಪರ್ವ ತೆಗೆಯಿರಿ. ಅಲ್ಲಿ ಕೃಷ್ಣ ಸಂಜಯನಿಗೆ ಹೇಳುತ್ತಾನೆ:

ಋಣಮೇತತ್ ಪ್ರವೃದ್ಧಂ ಮೇ ಹೃದಯಾನ್ನಾಪಸರ್ಪತಿ |
ಯದ್ ಗೋವಿಂದೇತಿ ಚುಕ್ರೋಶ ಕೃಷ್ಣಾ ಮಾಂ ದೂರವಾಸಿನಮ್ ||

ದೂರದಲ್ಲಿದ್ದ ನನ್ನನ್ನು ದ್ರೌಪದಿ "ಗೋವಿಂದಾ" ಎಂದು ಕೂಗಿದಳಲ್ಲ, ಆ ಸಾಲ ಬೆಳೆಯುತ್ತಲೇ ಇದೆ, ಎದೆಯಿಂದ ಇಳಿಯುತ್ತಿಲ್ಲ ಅಂತ. ಇದನ್ನು ಅಡಿಟಿಪ್ಪಣಿಗೆ ತಳ್ಳಿಲ್ಲ, ಮೂಲದಲ್ಲೇ ಇಟ್ಟಿದ್ದಾರೆ. ಆ ಪರ್ವದ ಸಂಪಾದಕರು ಎಸ್. ಕೆ. ಡೇ. ಹಾಗಾದರೆ ಸಭೆಯಲ್ಲಿ ಅವಳು ಕೂಗಲೇ ಇಲ್ಲ ಅನ್ನುವುದು ಹೇಗೆ? ಒಂದು ಪರ್ವದಲ್ಲಿ ಕೂಗಿಲ್ಲ, ಇನ್ನೊಂದರಲ್ಲಿ ಕೂಗಿದ್ದಾಳೆ. ಒಬ್ಬ ಸಂಪಾದಕ ಇನ್ನೊಬ್ಬರ ಕಡೆ ತಿರುಗಿ ನೋಡಬೇಕಿತ್ತು.

ಗದಗಿನವ

ಮೇಷ್ಟ್ರೇ, ನಮಸ್ಕಾರ. ಇದನ್ನೇ ಕೇಳಬೇಕು ಅಂತ ಇದ್ದೆ, ಹೇಗೆ ಕೇಳಬೇಕು ಅಂತ ಗೊತ್ತಿರಲಿಲ್ಲ.

ಗರಿಕಟ್ಟು

ಮೇಷ್ಟ್ರೇ, ಗಟ್ಟಿ ತಕರಾರು. ಇದಕ್ಕೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಎರಡು ಮಾತು ಹೇಳ್ತೀನಿ.

ಪುಣೆಯವರ ನಿಯಮ ಏನೆಂದರೆ, ಪ್ರತಿಗಳು ಏನು ಹೇಳುತ್ತವೋ ಅದನ್ನು ಇಡಬೇಕು. ಕಥೆ ಹೊಂದಬೇಕು ಅಂತ ತಿದ್ದಬಾರದು. ಹೊಂದಿಸೋಕೆ ಹೋಗಿಯೇ ಹಿಂದಿನ ಪ್ರತಿಕಾರರು ಸಾಲು ಸೇರಿಸಿದ್ದು. ಉದ್ಯೋಗಪರ್ವದ ಈ ಶ್ಲೋಕ ನೋಡಿಯೇ ಯಾರೋ ಸಭಾಪರ್ವದಲ್ಲಿ ಮೊರೆ ತುಂಬಿರಬಹುದು. ಉಲ್ಟಾನೂ ಇರಬಹುದು.

ಇನ್ನೊಂದು, ಆ ಶ್ಲೋಕ ಹೇಳುವುದು ಕೂಗಿದಳು ಅಂತ. ನಾನು ಬಂದೆ, ಬಟ್ಟೆ ಕೊಟ್ಟೆ ಅಂತ ಅಲ್ಲ. "ದೂರವಾಸಿನಂ" ಅಂದರೆ ನಾನು ದೂರ ಇದ್ದೆ. ಕೊಟ್ಟಿದ್ದರೆ ಸಾಲ ತೀರಬೇಕಿತ್ತು, ಬೆಳೆಯುವುದು ಯಾಕೆ? ಅರಣ್ಯಪರ್ವದಲ್ಲೂ ಕೃಷ್ಣ ಪಾಂಡವರನ್ನು ಕಾಡಿನಲ್ಲಿ ಕಂಡು, ನಾನು ಆಗ ದ್ವಾರಕೆಯಲ್ಲಿ ಇದ್ದಿದ್ದರೆ ನಿಮಗೆ ಈ ಕಷ್ಟ ಬರುತ್ತಿರಲಿಲ್ಲ, ಜೂಜನ್ನೇ ತಡೆಯುತ್ತಿದ್ದೆ ಅಂತಾನೆ. ಸಾಲ್ವನ ಜೊತೆ ಯುದ್ಧಕ್ಕೆ ಹೋಗಿದ್ದನಂತೆ. ಹಸ್ತಿನಾವತಿಯಲ್ಲಿ ಸೀರೆ ಕೊಟ್ಟ ಮಾತು ಅಲ್ಲಿ ಎತ್ತುವುದೇ ಇಲ್ಲ. ನನಗಂತೂ ಬಾರದೆ ಹೋದ ಆ ಕೃಷ್ಣನ ಸಂಕಟವೇ ಹೆಚ್ಚು ತಟ್ಟುತ್ತದೆ. ಇದು ನನ್ನ ಅಭಿಪ್ರಾಯ, ಶಾಸ್ತ್ರ ಅಲ್ಲ.

ನಿವೃತ್ತ ಮೇಷ್ಟ್ರು

ಸಾಲದ ಮಾತು ಒಪ್ಪುತ್ತೇನೆ, ನಾನೂ ಹಾಗೆ ಓದಿರಲಿಲ್ಲ ಎನ್ನಲಾರೆ. ಆದರೆ ಕೂಗಿದ್ದಂತೂ ಮೂಲದಲ್ಲೇ ಇದೆ, ಅಷ್ಟು ಸಾಕು ನನಗೆ. ಎಡ್ಜರ್‌ಟನ್ ಒಂದು ಅಲೆಗೆರೆಯನ್ನಾದರೂ ಎಳೆಯಬಹುದಿತ್ತು.

ಬನವಾಸಿ ಭೃಂಗ

ಒಂದು ಪ್ರಶ್ನೆ. ಪುಣೆಯವರು ನೋಡಿದ ಹಸ್ತಪ್ರತಿಗಳಲ್ಲಿ ಬಹುಪಾಲು 16ನೇ ಶತಮಾನದ ಈಚಿನವು. ನಮ್ಮ ಪಂಪ ಬರೆದದ್ದು 941ರಲ್ಲಿ. ಕೈಯಲ್ಲಿರುವ ಸಂಸ್ಕೃತ ಪ್ರತಿಗಳಿಗಿಂತ ಅಷ್ಟು ಹಳಬ. ಅವನನ್ನೇ ಸಾಕ್ಷಿಗೆ ಕರೆಯಬಹುದಿತ್ತಲ್ಲ?

ಗರಿಕಟ್ಟು

ಕಾಲ ಗೊತ್ತಿರುವ ಹಳೆಯ ಅನುವಾದ, ಸಂಗ್ರಹಗಳನ್ನು ಅವರು ಬಳಸಿಕೊಂಡಿದ್ದಾರೆ. ಕಾಶ್ಮೀರದ ಕ್ಷೇಮೇಂದ್ರನ ಭಾರತಮಂಜರಿ, ತೆಲುಗಿನ ನನ್ನಯ, ಅಷ್ಟೇ ಏಕೆ, ಜಾವಾ ದ್ವೀಪದ ಹಳೆಯ ಗದ್ಯಭಾರತ ಕೂಡ. ಜಾವಾದ್ದು ಸುಮಾರು ಪಂಪನ ಶತಮಾನದ್ದೇ. ನಡುನಡುವೆ ಸಂಸ್ಕೃತದ ಸಾಲುಗಳನ್ನು ಹಾಗೇ ಉಳಿಸಿಕೊಂಡಿದೆ, ಅದು ದೊಡ್ಡ ಉಪಕಾರ.

ಪಂಪನನ್ನು ಕರೆದರೆ ಅವನು ತನ್ನದೇ ಕಥೆ ಹೇಳ್ತಾನೆ. ದ್ರೌಪದಿಯನ್ನು ಅರ್ಜುನ ಒಬ್ಬನಿಗೇ ಮದುವೆ ಮಾಡಿಸಿದವನು! ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಬರೆದ ಕಾವ್ಯ. ಅದು ಕವಿಯ ಹಕ್ಕು. ಆದರೆ ಯಾವ ಶ್ಲೋಕ ಇತ್ತು, ಯಾವುದು ಇರಲಿಲ್ಲ ಅಂತ ತಿಳಿಯೋಕೆ ಅವನಿಂದ ಆಗುವುದಿಲ್ಲ.

ಬನವಾಸಿ ಭೃಂಗ

ಹೌದು, ಸಾಕ್ಷಿಯಾಗಿ ಕರೆದರೆ ಕಟಕಟೆಯಲ್ಲಿ ನಿಂತು ಬನವಾಸಿಯನ್ನು ಹೊಗಳಿ ಬಂದಾನು.

ಅಡಕೆ ತೋಟ

ಇಲ್ಲಿ ತಿಳಿದವರಿದ್ದಾರೆ ಅಂತ ಕೇಳ್ತಿದ್ದೇನೆ. ನಮ್ಮದು ಮಲೆನಾಡಿನ ಕಡೆ. ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಓಲೆಗರಿಯ ಕಟ್ಟುಗಳಿವೆ. ಆಯುಧಪೂಜೆಗೆ ಇಳಿಸಿ ಕುಂಕುಮ ಇಟ್ಟು ಮತ್ತೆ ಅಲ್ಲೇ ಇಡ್ತಾರೆ. ಲಿಪಿ ಮಲಯಾಳಂ ಥರ ಕಾಣುತ್ತದೆ, ಆದರೆ ಮಲಯಾಳಂ ಬಲ್ಲವರಿಗೂ ಓದೋಕೆ ಆಗಲಿಲ್ಲ. ಒಂದು ಕಟ್ಟು ಭಾರತ ಅಂತ ದೊಡ್ಡಪ್ಪ ಹೇಳ್ತಾರೆ. ನೋಡುವುದು ಹೇಗೆ? ಗೆದ್ದಲು ಬೇರೆ ಹತ್ತಿದೆ. ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಗರಿಕಟ್ಟು

ಕೊಬ್ಬರಿ ಎಣ್ಣೆ ಬೇಡವೇ ಬೇಡ! ಅಂಟಾಗಿ ಧೂಳು ಹಿಡಿಯುತ್ತದೆ, ಗರಿ ಗರಿಗೆ ಮೆತ್ತಿಕೊಳ್ಳುತ್ತದೆ. ಪ್ರತಿ ಬರೆದವರೇ ಕೊನೆಯಲ್ಲಿ "ತೈಲಾದ್ ರಕ್ಷೇತ್ ಜಲಾದ್ ರಕ್ಷೇತ್" ಅಂತ ಬರೆದು ಹೋಗ್ತಿದ್ದರು. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ದಡ್ಡನ ಕೈಗೆ ಕೊಡಬೇಡ ಅಂತ ಪುಸ್ತಕವೇ ಬೇಡಿಕೊಳ್ಳುವ ಶ್ಲೋಕ ಅದು. ಗ್ರಂಥಾಲಯಗಳಲ್ಲಿ ಹಚ್ಚುವುದು ನಿಂಬೆಹುಲ್ಲಿನ ಎಣ್ಣೆ ಅಥವಾ ಸಿಟ್ರೊನೆಲ್ಲಾ. ಅದು ಹಾರಿಹೋಗುತ್ತದೆ, ಹುಳುವೂ ಬರುವುದಿಲ್ಲ. ಆದರೂ ನೀವಾಗಿ ಹಚ್ಚಬೇಡಿ, ಗೊತ್ತಿರುವವರ ಎದುರಿಗೆ ಮಾಡಿ. ಈಗ ಸದ್ಯಕ್ಕೆ ಅಟ್ಟದಿಂದ ಇಳಿಸಿ, ಒಣ ಜಾಗದಲ್ಲಿ ನೆರಳಲ್ಲಿಡಿ. ಮೆತ್ತನೆಯ ಬ್ರಷ್‌ನಿಂದ ಧೂಳು ಹೊಡೆಯಿರಿ. ಹತ್ತಿ ಬಟ್ಟೆಯಲ್ಲಿ ಸುತ್ತಿ ಬಜೆ ಬೇರಿನ ತುಂಡು ಇಡಿ. ಕುಂಕುಮ ಮೇಲಿನ ಹಲಗೆಗೆ ಮಾತ್ರ ಇರಲಿ, ಗರಿಗೆ ಬೇಡ.

ಲಿಪಿ ತಿಗಳಾರಿ ಇರಬೇಕು. ಕೆಲವರು ತುಳು ಲಿಪಿ ಅಂತಲೂ ಹೇಳ್ತಾರೆ. ಕರಾವಳಿ, ಮಲೆನಾಡಿನ ಸಂಸ್ಕೃತ ಓಲೆಗಳು ಹೆಚ್ಚಾಗಿ ಇದರಲ್ಲೇ. 2024ರಲ್ಲಿ ಯೂನಿಕೋಡ್‌ಗೂ ಸೇರಿತು.

ಭಾರತವೋ ಅಲ್ಲವೋ ತಿಳಿಯೋಕೆ ಎಲ್ಲ ಓದಬೇಕಿಲ್ಲ. ಅಧ್ಯಾಯದ ಕೊನೆ ಹುಡುಕಿ. "ಇತಿ ಶ್ರೀಮಹಾಭಾರತೇ" ಅಂತ ಶುರುವಾಗಿ ಪರ್ವದ ಹೆಸರು ಬರುತ್ತದೆ. ವಿರಾಟಪರ್ವ ಸಿಕ್ಕರೆ ಆಶ್ಚರ್ಯ ಪಡಬೇಡಿ, ಮಳೆ ಬರದಿದ್ದಾಗ ಓದಿಸುವ ಪರ್ವ ಅದು. ಆಮೇಲೆ ಕಟ್ಟಿನ ಕೊನೆಯ ಗರಿ ನೋಡಿ. "ಕರಕೃತಮಪರಾಧಂ ಕ್ಷಂತುಮರ್ಹಂತಿ ಸಂತಃ", ನನ್ನ ಕೈಯಿಂದಾದ ತಪ್ಪನ್ನು ದೊಡ್ಡವರು ಕ್ಷಮಿಸಲಿ ಅಂತ ಇರುತ್ತದೆ. ಅದರ ಹತ್ತಿರವೇ ಬರೆದವರ ಹೆಸರು, ದಿನ ಇದ್ದರೆ ಇರುತ್ತದೆ.

ಕಡಲತಡಿ

ದಿನದ ವಿಷಯದಲ್ಲಿ ಹುಷಾರು. ಬರೀ ಸಂವತ್ಸರದ ಹೆಸರಿದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಶಕ ಕೊಟ್ಟಿದ್ದರೆ ಬಚಾವ್. ಇಲ್ಲದಿದ್ದರೆ ತಿಥಿ, ವಾರ, ನಕ್ಷತ್ರ ಮೂರೂ ಹೊಂದುವ ವರ್ಷ ಹುಡುಕಬೇಕು. ಸಿಕ್ಕ ಮೊದಲ ವರ್ಷ ಹಿಡಿದು ಐನೂರು ವರ್ಷ ಹಳೆಯದು ಅಂತ ಪೇಪರಿಗೆ ಕೊಡುವವರನ್ನು ನೋಡಿ ಸಾಕಾಗಿದೆ.

ಗೆಜ್ಜೆ ಸದ್ದು

ಒಂದು ಸಣ್ಣ ಪ್ರಶ್ನೆ. ಓಲೆಯಲ್ಲಿ ತಪ್ಪಾದರೆ ಅಳಿಸ್ತಿದ್ದದ್ದು ಹೇಗೆ?

ಗರಿಕಟ್ಟು

ಅಳಿಸೋಕೆ ಆಗುವುದಿಲ್ಲ. ಕಂಠ ಅಂದರೆ ಕಬ್ಬಿಣದ ಮೊನೆ, ಅದರಿಂದ ಗರಿಯನ್ನು ಕೊರೆಯುವುದು. ಆಮೇಲೆ ಕಾಡಿಗೆ ತಿಕ್ಕಿ ಒರೆಸಿದರೆ ಕೊರೆದ ಕಡೆ ಮಾತ್ರ ಕಪ್ಪು ನಿಲ್ಲುತ್ತದೆ. ತಪ್ಪಿದರೆ ಹೊಡೆದುಹಾಕಿ ಅಂಚಿನಲ್ಲಿ ಬರೆಯಬೇಕು. ಕಾಗದದ ಪ್ರತಿಯಾದರೆ ಹರಿತಾಳದ ಹಳದಿ ಬಳಿದು ಅದರ ಮೇಲೆ ಬರೆಯುತ್ತಿದ್ದರು. ಕುಮಾರವ್ಯಾಸ "ಪದವಿಟ್ಟಳುಪದೊಂದಗ್ಗಳಿಕೆ" ಅಂತ ಜಂಬ ಕೊಚ್ಚಿದ್ದು ಅದಕ್ಕೇ. ಬರೆದ ಪದ ಅಳಿಸಲಿಲ್ಲ, ಕಂಠಪತ್ರದ ಸದ್ದು ನಿಲ್ಲಲಿಲ್ಲ ಅಂತ. ಬೇರೆಯವರು ನಡುನಡುವೆ ನಿಲ್ಲಿಸಿ ತಲೆ ಕೆರೆದುಕೊಳ್ತಿದ್ದರು ಅಂತ ಅರ್ಥ!

ಕಣ್ಣು ಜಾರುವುದು ಇನ್ನೊಂದು ತೊಂದರೆ. "ವೈಶಂಪಾಯನ ಉವಾಚ" ಅಂತ ಎರಡು ಕಡೆ ಇದ್ದರೆ, ಮೊದಲನೆಯದನ್ನು ಬರೆದು ಮತ್ತೆ ಮೂಲ ನೋಡುವಾಗ ಎರಡನೆಯದಕ್ಕೆ ಕಣ್ಣು ಹೋಗುತ್ತದೆ. ನಡುವಿನ ಶ್ಲೋಕಗಳು ಹಾರಿಹೋದವು. ಪಾಪ, ಬೇಕಂತ ಬಿಟ್ಟದ್ದಲ್ಲ.

ಅಡಕೆ ತೋಟ

ಉಪಕಾರ ಆಯ್ತು. ಯಾರಿಗಾದರೂ ಕೊಟ್ಟುಬಿಡಿ ಅಂತ ಸಂಬಂಧಿಕರು ಹೇಳ್ತಾರೆ. ದೊಡ್ಡಪ್ಪ ಒಪ್ಪುವುದಿಲ್ಲ. ಮೊದಲೊಮ್ಮೆ ಓದಿ ಕೊಡ್ತೇವೆ ಅಂತ ಯಾರೋ ಎರಡು ಕಟ್ಟು ತೆಗೆದುಕೊಂಡು ಹೋಗಿದ್ದರಂತೆ. ವಾಪಸ್ ಬರಲಿಲ್ಲ. ಕೇಳೋಕೆ ಹೋದರೆ ಲೆಕ್ಕದಲ್ಲೇ ಇಲ್ಲ ಅಂದರಂತೆ.

ನಿವೃತ್ತ ಮೇಷ್ಟ್ರು

ದೊಡ್ಡಪ್ಪನವರ ಸಿಟ್ಟು ಸರಿಯಾಗಿದೆ. ಆದರೆ ಕೊಟ್ಟವರಿಂದ ಒಳ್ಳೆಯದಾದದ್ದೂ ಉಂಟು. 1905ರಲ್ಲಿ ಯಾರೋ ಒಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ಗ್ರಂಥಲಿಪಿಯ ಓಲೆಕಟ್ಟು ತಂದುಕೊಟ್ಟರು. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚಾಯಿತು. ಓಲೆ ಕೊಡಬೇಕಿಲ್ಲ, ಫೋಟೋ ಕೊಟ್ಟರೂ ಸಾಕು ಈಗ. ಕೊಡುವುದೇ ಆದರೆ ಗರಿ ಎಣಿಸಿ ರಸೀದಿ ಬರೆಸಿಕೊಳ್ಳಿ.

ಗರಿಕಟ್ಟು

ಫೋಟೋ ನೀವೇ ಮನೆಯಲ್ಲಿ ತೆಗೆಯಬಹುದು. ಫ್ಲ್ಯಾಶ್ ಬೇಡ. ಕಿಟಕಿ ಬೆಳಕು ಪಕ್ಕದಿಂದ ಬೀಳಲಿ, ಆಗ ಕಾಡಿಗೆ ಹೋದ ಕಡೆಯಲ್ಲೂ ಕೊರೆದ ಗೆರೆಯ ನೆರಳು ಕಾಣುತ್ತದೆ. ಹಿಂದೆ ಕಪ್ಪು ಬಟ್ಟೆ, ಪಕ್ಕದಲ್ಲಿ ಒಂದು ಅಳತೆಪಟ್ಟಿ. ಎರಡೂ ಬದಿ, ಗರಿಯ ಅಂಚಿನ ಸಂಖ್ಯೆ ಬರುವ ಹಾಗೆ. ದಾರ ಬಿಚ್ಚುವ ಮುಂಚೆ ಇಡೀ ಕಟ್ಟಿನ ಒಂದು ಫೋಟೋ ತೆಗೆಯಿರಿ. ಗರಿಗಳ ಕ್ರಮ ತಪ್ಪಿದ್ದರೆ ನೀವಾಗಿ ಸರಿ ಮಾಡಬೇಡಿ, ಇದ್ದ ಹಾಗೇ ತೆಗೆದು ಇದ್ದ ಹಾಗೇ ಕಟ್ಟಿ.

ಕೊಂಕು ಮಾತು

ಅಡಕೆ ತೋಟದವರೇ, ಅದು ಸಭಾಪರ್ವ ಆಗಿದ್ದರೆ ಸೀರೆ ಎಳೆಯುವ ಗರಿಯನ್ನು ಮೊದಲು ಹಾಕಿ. ಶಂಖಚಕ್ರ ಇದೆಯೋ ಇಲ್ಲವೋ ನೋಡಿಯೇ ಬಿಡೋಣ. ನಾನಿನ್ನೂ ಒಪ್ಪಿಲ್ಲ.

ಅಡಕೆ ತೋಟ

ದೊಡ್ಡಪ್ಪ ಫೋಟೋಕ್ಕೆ ಒಪ್ಪಿದ್ದಾರೆ. ಮಳೆ ಬಿಟ್ಟ ಮೇಲೆ ಹೋಗ್ತೇನೆ, ಈಗ ಆ ಮನೆಯಲ್ಲಿ ಕರೆಂಟೂ ಇಲ್ಲ, ಬಿಸಿಲೂ ಇಲ್ಲ.